ಕೇಳುವವರು, ಹೇಳುವವರು

ಶಿಕ್ಷಣ ಸಂಶೋಧನೆಯ ವಿಧಾನಗಳನ್ನು ಕುರಿತ ಪುಸ್ತಕಗಳಲ್ಲಿ ಬಹುಕಾಲ ಒಬ್ಬ ವಿಚಿತ್ರ ವ್ಯಕ್ತಿ ವಾಸವಾಗಿದ್ದ. ಅವನಿಗೆ ಹೆಸರಿಲ್ಲ, ಊರಿಲ್ಲ, ಜಾತಿಯಿಲ್ಲ, ಹಸಿವು ನಿದ್ದೆಗಳಿಲ್ಲ. ಅವನು ಶಾಲೆಗೆ ಹೋಗುತ್ತಾನೆ, ಪ್ರಶ್ನಾವಳಿ ಹಂಚುತ್ತಾನೆ, ಉತ್ತರಗಳನ್ನು ಕೂಡಿಸಿ ಕೋಷ್ಟಕ ಮಾಡುತ್ತಾನೆ, ತೀರ್ಮಾನ ಬರೆಯುತ್ತಾನೆ. ಅವನು ಹೋಗಿ ಬಂದದ್ದರಿಂದ ಶಾಲೆಯಲ್ಲಿ ಏನೂ ಬದಲಾಗುವುದಿಲ್ಲ; ಅವನಲ್ಲೂ ಬದಲಾಗುವುದಿಲ್ಲ. 1980ರ ದಶಕದ ನಡುವಿನಲ್ಲಿ ನಾನು ಎಂ.ಎಡ್. ಓದುವಾಗ ನಮ್ಮ ಕೈಯಲ್ಲಿದ್ದದ್ದು ಜಾನ್ ಬೆಸ್ಟ್ ಅವರ ಸಂಶೋಧನ ವಿಧಾನದ ಪುಸ್ತಕ ಮತ್ತು ಗ್ಯಾರೆಟ್ ಅವರ ಸಂಖ್ಯಾಶಾಸ್ತ್ರದ ಪುಸ್ತಕ. ಎರಡೂ ಒಳ್ಳೆಯ ಪುಸ್ತಕಗಳೇ. ಸರಾಸರಿ, ವಿಚಲನೆ, ಸಹಸಂಬಂಧಗಳನ್ನು ನಾನು ಕಲಿತದ್ದು ಅವುಗಳಿಂದ. ಆದರೆ ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳಿದ್ದರೂ ಪ್ರಬಂಧದಲ್ಲಿ ಎಲ್ಲರೂ ‘ಪ್ರಸ್ತುತ ಸಂಶೋಧಕನು’ ಎಂದೇ ಬರೆಯಬೇಕಾಗಿತ್ತು. ‘ನಾನು’ ಎಂದು ಬರೆದರೆ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದರು.

ಈ ಹೆಸರಿಲ್ಲದವನಿಗೆ ಹೆಸರು ಕೇಳಿದ್ದು ಎರಡು ವಿಚಾರಧಾರೆಗಳು. ಒಂದು ಸ್ತ್ರೀವಾದ, ಇನ್ನೊಂದು ಆಧುನಿಕೋತ್ತರ ಚಿಂತನೆ. ಎರಡೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಇಂಗ್ಲೆಂಡ್ ಮತ್ತು ಅಮೆರಿಕದ ಶಿಕ್ಷಣ ವಿಭಾಗಗಳನ್ನು ಹೊಕ್ಕವು. ಎರಡನ್ನೂ ಜೋಡಿ ಹೆಸರಿನಂತೆ ಒಟ್ಟಿಗೆ ಹೇಳುವುದು ಈಗ ರೂಢಿಯಾಗಿದೆ. ನಿಜವಾಗಿ ನೋಡಿದರೆ ಅವುಗಳ ಸಂಸಾರ ಅಷ್ಟೇನೂ ಸರಾಗವಾಗಿರಲಿಲ್ಲ. ಮೊದಲನೆಯದು ‘ಇಲ್ಲಿ ಹೆಂಗಸು ಎಲ್ಲಿ?’ ಎಂದು ಕೇಳಿತು. ಆಕೆಯನ್ನು ಕರೆತಂದು ಕೂಡಿಸಿದ ಕೂಡಲೇ ಎರಡನೆಯದು ‘ಯಾವ ಹೆಂಗಸು? ಆಕೆಯ ಪರವಾಗಿ ಮಾತಾಡುತ್ತಿರುವವರು ಯಾರು?’ ಎಂದು ಕೇಳಿತು. ಆ ಜಗಳದ ಕಥೆಯನ್ನು ನನಗೆ ತಿಳಿದಂತೆ ಹೇಳುತ್ತೇನೆ.

ಕೋಲ್‌ಬರ್ಗ್‌ನಿಂದ ಶುರು ಮಾಡಬಹುದು. ಬಿ.ಎಡ್. ಮಾಡಿದ ಯಾರಿಗಾದರೂ ಲಾರೆನ್ಸ್ ಕೋಲ್‌ಬರ್ಗ್ ಗೊತ್ತು. ನೈತಿಕ ವಿಕಾಸದ ಆರು ಹಂತಗಳನ್ನು ನಾವೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರೇ. ಶಿಕಾಗೋದಲ್ಲಿ ಡಾಕ್ಟರೇಟಿಗೆಂದು ಆತ ಆರಂಭಿಸಿದ ಅಧ್ಯಯನದಲ್ಲಿ ಇದ್ದವರೆಲ್ಲ ಹುಡುಗರು. ಅವರನ್ನೇ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹಿಂಬಾಲಿಸಿ ಮನುಷ್ಯಕುಲದ ನೈತಿಕ ಬೆಳವಣಿಗೆಯ ಏಣಿಯನ್ನು ಕಟ್ಟಿದ. ಆ ಹುಡುಗರ ಸಂಖ್ಯೆ 84 ಎಂದು ಕ್ಯಾರೊಲ್ ಗಿಲಿಗನ್ ಬರೆದಿದ್ದಾರೆ. ಆಮೇಲೆ ಆ ಏಣಿಗೆ ಹೆಂಗಸರನ್ನು ಹತ್ತಿಸಿ ನೋಡಿದಾಗ ಬಹಳ ಮಂದಿ ಮೂರನೆಯ ಮೆಟ್ಟಿಲಲ್ಲೇ ನಿಂತರು. ಮೂರನೆಯ ಮೆಟ್ಟಿಲೆಂದರೆ ನಾಲ್ಕು ಜನಕ್ಕೆ ಬೇಕಾದವರಾಗಿ, ಒಳ್ಳೆಯವರೆನಿಸಿಕೊಳ್ಳುವ ಹಂತ. ಹೆಂಗಸರ ನೈತಿಕ ಬುದ್ಧಿ ಕುಂಠಿತ ಎಂಬ ಅರ್ಥ ತಾನಾಗಿಯೇ ಹೊರಟಿತು.

ಹಾರ್ವರ್ಡ್‌ನಲ್ಲಿ ಕೋಲ್‌ಬರ್ಗ್ ಜೊತೆಗೇ ಕೆಲಸ ಮಾಡಿದ್ದ ಗಿಲಿಗನ್ 1982ರಲ್ಲಿ ತಂದ ಪುಸ್ತಕ ಇದನ್ನು ತಲೆಕೆಳಗು ಮಾಡಿತು. ಆಕೆ ಹೇಳಿದ್ದು ಸರಳ ಮಾತು: ಏಣಿಗೆ ಹೊಂದದವರಲ್ಲಿ ದೋಷ ಹುಡುಕುವ ಮೊದಲು ಏಣಿಯನ್ನು ಪರೀಕ್ಷಿಸಿ. ಕೋಲ್‌ಬರ್ಗ್ ಕೇಳುತ್ತಿದ್ದ ಪ್ರಸಿದ್ಧ ಕಥೆಯೊಂದಿದೆ. ಹೈನ್ಸ್ ಎಂಬಾತನ ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ, ಔಷಧದಂಗಡಿಯವನು ಕೊಡಲಾಗದಷ್ಟು ಬೆಲೆ ಹೇಳುತ್ತಾನೆ; ಹೈನ್ಸ್ ಕದಿಯಬಹುದೇ? ಹನ್ನೊಂದು ವರ್ಷದ ಹುಡುಗನೊಬ್ಬ ಹಣಕ್ಕಿಂತ ಜೀವ ದೊಡ್ಡದು, ಕದಿಯಬೇಕು ಎಂದು ಲೆಕ್ಕ ಬಿಡಿಸಿದಂತೆ ಹೇಳಿದ. ಅದೇ ವಯಸ್ಸಿನ ಹುಡುಗಿ ಕದಿಯುವುದೂ ಬೇಡ, ಆಕೆ ಸಾಯುವುದೂ ಬೇಡ, ಬೇರೆ ದಾರಿ ಇರಬೇಕು, ಕದ್ದು ಜೈಲಿಗೆ ಹೋದರೆ ಆಮೇಲೆ ಆಕೆಯನ್ನು ನೋಡಿಕೊಳ್ಳುವವರು ಯಾರು ಎಂದು ಯೋಚಿಸಿದಳು. ಅಂಕ ಕೊಡುವವರ ಪ್ರಕಾರ ಹುಡುಗಿ ಪ್ರಶ್ನೆಯನ್ನೇ ಅರ್ಥಮಾಡಿಕೊಂಡಿರಲಿಲ್ಲ. ಆಕೆ ಬೇರೆಯೇ ಪ್ರಶ್ನೆಗೆ, ಬಹುಶಃ ಇನ್ನೂ ಕಷ್ಟದ ಪ್ರಶ್ನೆಗೆ, ಉತ್ತರ ಹೇಳುತ್ತಿದ್ದಾಳೆ ಎಂದು ಗಿಲಿಗನ್ ವಾದಿಸಿದರು.

ಈ ಪುಸ್ತಕವನ್ನು ಓದಿದಾಗ ನನಗೆ ಆದ ಸಂತೋಷ ಈಗಲೂ ನೆನಪಿದೆ. ಆದರೆ ಸಂತೋಷವೇ ಸಾಕ್ಷ್ಯವಲ್ಲವಷ್ಟೆ. ಎರಡೇ ವರ್ಷದಲ್ಲಿ, 1984ರಲ್ಲಿ, ಲಾರೆನ್ಸ್ ವಾಕರ್ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ, ಹುಡುಗ ಹುಡುಗಿಯರ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ ಎಂದರು. ಗಿಲಿಗನ್ ಅವರು ಗರ್ಭಪಾತದ ನಿರ್ಧಾರ ಕುರಿತು ಮಾತಾಡಿಸಿದ್ದು 29 ಮಂದಿ ಅಮೆರಿಕದ ಹೆಂಗಸರನ್ನು. ಅಷ್ಟರಿಂದ ‘ಹೆಣ್ಣಿನ ದನಿ’ ಎಂದು ಒಂದನ್ನು ಹೇಗೆ ಕಟ್ಟುತ್ತೀರಿ ಎಂದು ಕೇಳಿದವರಲ್ಲಿ ಸ್ತ್ರೀವಾದಿಗಳೂ ಇದ್ದರು. 84 ಹುಡುಗರಿಂದ ಮನುಷ್ಯಕುಲವನ್ನು ಕಟ್ಟಿದ್ದು ತಪ್ಪಾದರೆ ಇದು ಹೇಗೆ ಸರಿ? ಗಿಲಿಗನ್ ಅವರ ಪ್ರಶ್ನೆ ಉಳಿಯಿತು, ಉತ್ತರ ಅಲುಗಾಡಿತು ಎಂದು ನನ್ನ ತಿಳಿವಳಿಕೆ.

ವಿಧಾನದ ಮಟ್ಟಿಗೆ ಗಿಲಿಗನ್ ಅವರಿಗಿಂತ ನನ್ನನ್ನು ಹೆಚ್ಚು ಕಾಡಿದವರು ಇಂಗ್ಲೆಂಡಿನ ಆ್ಯನ್ ಓಕ್ಲೆ. ಇವರು ಶಿಕ್ಷಣಶಾಸ್ತ್ರದವರಲ್ಲ, ಸಮಾಜಶಾಸ್ತ್ರಜ್ಞೆ. ಆದರೆ ಮುಂದೆ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್‌ನಲ್ಲಿ ಸಮಾಜವಿಜ್ಞಾನದ ಸಂಶೋಧನ ಘಟಕವನ್ನೇ ಕಟ್ಟಿದವರು. 1970ರ ದಶಕದಲ್ಲಿ ಇವರು ಚೊಚ್ಚಲ ಬಸುರಿಯರನ್ನು ಹೆರಿಗೆಗೆ ಮುಂಚೆ ಎರಡು ಸಲ, ಆಮೇಲೆ ಎರಡು ಸಲ ಸಂದರ್ಶಿಸಿದರು. ಸಂದರ್ಶನ ಹೇಗೆ ಮಾಡಬೇಕೆಂದು ಕಲಿಸುವ ಪಠ್ಯಪುಸ್ತಕಗಳನ್ನು ಅವರು ಓದಿಕೊಂಡೇ ಹೋಗಿದ್ದರು. ಸ್ನೇಹದಿಂದಿರಿ, ಆದರೆ ಅತಿಯಾದ ಸ್ನೇಹ ಬೇಡ. ನಿಮ್ಮ ಅಭಿಪ್ರಾಯ ಬಾಯಿಬಿಡಬೇಡಿ. ಎದುರಿನವರು ಪ್ರಶ್ನೆ ಕೇಳಿದರೆ ನಕ್ಕು ಜಾರಿಕೊಳ್ಳಿ. ಇದು ಆ ಪುಸ್ತಕಗಳ ಬುದ್ಧಿವಾದ. ಆದರೆ ಆ ಹೆಂಗಸರು ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಓಕ್ಲೆ ಧ್ವನಿಸುರುಳಿಗಳನ್ನು ಕೇಳುತ್ತಾ ತಮ್ಮನ್ನು ಕೇಳಲಾದ ಪ್ರಶ್ನೆಗಳನ್ನೇ ಎಣಿಸಿದರು. 178 ಸಂದರ್ಶನಗಳಲ್ಲಿ 878 ಪ್ರಶ್ನೆಗಳು! ಅವುಗಳಲ್ಲಿ ಮುಕ್ಕಾಲು ಪಾಲು ತಿಳಿವಳಿಕೆಗಾಗಿ ಕೇಳಿದವು. ಹೆರಿಗೆ ಹೇಗಾಗುತ್ತದೆ ಎಂಬ ಮೂಲ ಸಂಗತಿಯೇ ಗೊತ್ತಿಲ್ಲದೆ ಕೇಳಿದವರೂ ಇದ್ದರು. ಹೆದರಿ ಕೂತ ಹೆಣ್ಣುಮಗಳೊಬ್ಬಳು ಹೀಗೆ ಕೇಳಿದಾಗ ಎರಡು ಮಕ್ಕಳನ್ನು ಹೆತ್ತಿದ್ದ ತಾನು ನಕ್ಕು ಜಾರಿಕೊಳ್ಳುವುದು ಹೇಗೆ? ಓಕ್ಲೆ ಉತ್ತರ ಹೇಳಿದರು. 1981ರಲ್ಲಿ ಪ್ರಕಟವಾದ ಲೇಖನದಲ್ಲಿ, ಹಾಗೆ ಉತ್ತರ ಹೇಳಿದ್ದು ವಿಧಾನದ ಲೋಪವಲ್ಲ, ಹೆಂಗಸು ಹೆಂಗಸನ್ನು ಸಂದರ್ಶಿಸುವಾಗ ವಿಧಾನವೇ ಅದು ಎಂದು ವಾದಿಸಿದರು.

ಆ ಲೇಖನವನ್ನು ನಾನು ಓದಿದ್ದು ಬಹಳ ತಡವಾಗಿ. ಆದರೆ ಅದರಲ್ಲಿದ್ದ ಅನುಭವ ನನಗೆ ಮೊದಲೇ ಆಗಿತ್ತು. ನನ್ನ ಎಂ.ಎಡ್. ಪ್ರಬಂಧದ ವಿಷಯ ಏಳನೆಯ ತರಗತಿಯೊಳಗೆ ಶಾಲೆ ಬಿಟ್ಟ ಹುಡುಗಿಯರು. ಗದಗ ತಾಲ್ಲೂಕಿನ ಕೆಲವು ಹಳ್ಳಿಗಳನ್ನು ಆರಿಸಿಕೊಂಡಿದ್ದೆ. ಪ್ರಶ್ನಾವಳಿಯಲ್ಲಿ ಶಾಲೆ ಬಿಡಲು ಕಾರಣವೇನೆಂಬ ಪ್ರಶ್ನೆಯ ಕೆಳಗೆ ಬಡತನ, ಮನೆಗೆಲಸ, ಶಾಲೆಯ ದೂರ, ಪಾಲಕರ ನಿರಾಸಕ್ತಿ, ಇತರೆ ಎಂದು ಐದು ಮನೆಗಳು. ಒಂದು ಮನೆಯ ಪಡಸಾಲೆಯಲ್ಲಿ ಐದಾರು ಹೆಂಗಸರು ಶೇಂಗಾ ಒಡೆಯುತ್ತಾ ಕೂತಿದ್ದರು. ನಾನು ಕೇಳಿದ್ದಕ್ಕೆ ‘ಬಡತಾನ ಬರಕೋರಿ’ ಎಂದು ಒಬ್ಬರು ಹೇಳಿದರು, ನಾನು ಬಡತನಕ್ಕೆ ಗುರುತು ಹಾಕಿದೆ. ಆಮೇಲೆ ಆಕೆಯೇ ನನ್ನನ್ನು ನೋಡಿ, ‘ಅಕ್ಕಾರ, ನೀವು ಸಾಲಿ ಕಲಿಯೂ ಮುಂದ ಮುಟ್ಟಾದ್ರ ಎಲ್ಲಿ ಹೋಗ್ತಿದ್ರಿ?’ ಎಂದರು. ನಾನು ಕಲಿತ ಶಾಲೆಯಲ್ಲೂ ಹೆಣ್ಣುಮಕ್ಕಳಿಗೆ ಪಾಯಿಖಾನೆ ಇರಲಿಲ್ಲ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ ಉಳಿಯುತ್ತಿದ್ದೆ, ಗಣಿತದ ಮಾಸ್ತರರು ಯಾಕೆ ಬರಲಿಲ್ಲವೆಂದು ಎಲ್ಲರೆದುರು ಕೇಳುತ್ತಿದ್ದರು ಎಂದು ಹೇಳಿದೆ. ಅಲ್ಲಿಂದ ಮಾತು ಬಿಚ್ಚಿಕೊಂಡಿತು. ಬಡತನವೆಂದು ಬರೆಸಿದ್ದ ಮನೆಗೆ ಹತ್ತೆಕರೆ ಎರೆಹೊಲವಿತ್ತು!

ಇದನ್ನೆಲ್ಲ ಪ್ರಬಂಧದಲ್ಲಿ ಎಂಟು ಪುಟ ಬರೆದೆ. ಮಾರ್ಗದರ್ಶಕರು ಅನುಬಂಧಕ್ಕೆ ಹಾಕಿಸಿದರು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಹಿರಿಯರು ಅನುಬಂಧವನ್ನು ತಿರುವಿ ಹಾಕಿ, ‘ಇದು ಸಂಶೋಧನೆ ಅಲ್ಲಮ್ಮ, ಹರಟೆ’ ಎಂದರು. ಪದವಿ ಸಿಕ್ಕಿತೆನ್ನಿ. ಆದರೆ ಬಡತನಕ್ಕೆ ಹಾಕಿದ ಗುರುತು ಸಂಶೋಧನೆ, ಪಾಯಿಖಾನೆಯ ಮಾತು ಹರಟೆ ಎಂಬ ವಿಂಗಡಣೆಯನ್ನು ಯಾವ ವಿಜ್ಞಾನ ಮಾಡಿತು ಎಂಬುದು ನನಗೆ ಅಂದೂ ತಿಳಿಯಲಿಲ್ಲ.

ಓಕ್ಲೆ ಅವರ ವಾದಕ್ಕೂ ತೊಡಕುಗಳಿದ್ದವು. 1984ರಲ್ಲಿ ಜಾನೆಟ್ ಫಿಂಚ್ ಎಂಬಾಕೆ ಒಂದು ಇರುಸುಮುರುಸಿನ ಸತ್ಯ ಹೇಳಿದರು. ಅವರು ಪಾದ್ರಿಗಳ ಪತ್ನಿಯರನ್ನೂ, ಮಕ್ಕಳ ಆಟದ ಗುಂಪುಗಳನ್ನು ನಡೆಸುವ ತಾಯಂದಿರನ್ನೂ ಮಾತಾಡಿಸಿದವರು. ತಾನೂ ಹೆಂಗಸಾದ್ದರಿಂದ ಅವರು ಚಹಾ ಕೊಟ್ಟು ಕೂಡಿಸಿ, ಯಾರಿಗೂ ಹೇಳದ್ದನ್ನು ಹೇಳಿದರು. ಅಷ್ಟು ಸುಲಭವಾಗಿ ಬಾಯಿ ಬಿಡಿಸಬಹುದು ಎಂಬುದೇ ಅಪಾಯ ಎಂದು ಫಿಂಚ್ ಬರೆದರು. ಹೆಂಗಸರ ಒಂಟಿತನವನ್ನು ಬಳಸಿಕೊಂಡು ಪ್ರಬಂಧ ಬರೆಯುವುದು ಅವರಿಗೇ ವಿರುದ್ಧವಾಗಿ ತಿರುಗಬಹುದು. ಪಡಸಾಲೆಯಲ್ಲಿ ಕೂತು ಶೇಂಗಾ ಒಡೆದವರಿಗೆಲ್ಲ ಇದು ಅನ್ವಯಿಸುವ ಮಾತು.

ಇಲ್ಲಿ ನಮ್ಮ ದೇಶದ ಒಂದು ಸಂಗತಿಯನ್ನು ನಡುವೆ ತರಬೇಕು. ಇಲ್ಲವಾದರೆ ಸ್ತ್ರೀವಾದಿ ಸಂಶೋಧನೆಯೆಂದರೆ ಅಂಕಿಸಂಖ್ಯೆಗಳ ಮೇಲಿನ ಮುನಿಸು ಎಂಬ ಭಾವನೆ ಉಳಿದುಬಿಡುತ್ತದೆ. ಭಾರತದಲ್ಲಿ ಮಹಿಳಾ ಅಧ್ಯಯನವನ್ನು ಎಬ್ಬಿಸಿ ನಿಲ್ಲಿಸಿದ್ದು ಅಂಕಿಗಳೇ. 1971ರಲ್ಲಿ ಕೇಂದ್ರ ಸರ್ಕಾರ ಮಹಿಳೆಯರ ಸ್ಥಾನಮಾನ ಕುರಿತು ಸಮಿತಿಯೊಂದನ್ನು ನೇಮಿಸಿತು. ಫುಲ್‌ರೇಣು ಗುಹಾ ಅಧ್ಯಕ್ಷೆ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. 1974ರ ಡಿಸೆಂಬರಿನಲ್ಲಿ ಬಂದ ವರದಿ, ಸಾವಿರ ಗಂಡಸರಿಗೆ 1901ರಲ್ಲಿ 972 ಇದ್ದ ಹೆಂಗಸರ ಸಂಖ್ಯೆ 1971ಕ್ಕೆ 930ಕ್ಕೆ ಇಳಿದಿದೆ ಎಂದು ತೋರಿಸಿತು. ಸಂವಿಧಾನ ಸಮಾನತೆ ಕೊಟ್ಟಿದೆ, ಕಾಲೇಜುಗಳಲ್ಲಿ ಹುಡುಗಿಯರು ತುಂಬಿದ್ದಾರೆ, ಎಲ್ಲವೂ ಸರಿಯಾಗಿದೆ ಎಂದು ನಂಬಿದ್ದ ಒಂದು ಪೀಳಿಗೆಯ ವಿದ್ಯಾವಂತೆಯರಿಗೆ ಈ ಅಂಕಿ ಕಪಾಳಕ್ಕೆ ಹೊಡೆದಂತಾಯಿತು. ಕಾಣೆಯಾದ ಹೆಂಗಸಿನ ಕಥೆಯನ್ನು ಆಕೆಯ ಬಾಯಿಂದ ಕೇಳುವಂತಿಲ್ಲ. ಆಕೆಯನ್ನು ಲೆಕ್ಕವೊಂದೇ ತೋರಿಸಬಲ್ಲದು.

ಇನ್ನು ಆಧುನಿಕೋತ್ತರದ ಮಾತು. ಈ ಹೆಸರು ಕೇಳಿದರೆ ನಮ್ಮಲ್ಲಿ ಕೆಲವರು ಹಲ್ಲು ಕಡಿಯುತ್ತಾರೆ, ಕೆಲವರು ಕೈ ಮುಗಿಯುತ್ತಾರೆ. ಈ ಪದವನ್ನು ತತ್ತ್ವಶಾಸ್ತ್ರದಲ್ಲಿ ಪ್ರಸಿದ್ಧಗೊಳಿಸಿದ ಲ್ಯೋತಾರ್‌ನ 1979ರ ಪುಸ್ತಕ ಮೂಲತಃ ಕೆನಡದ ಕ್ವಿಬೆಕ್ ಪ್ರಾಂತದ ವಿಶ್ವವಿದ್ಯಾಲಯಗಳ ಪರಿಷತ್ತು ಬರೆಸಿಕೊಂಡ ಒಂದು ವರದಿ ಎಂಬುದನ್ನು ಇಬ್ಬರೂ ಮರೆಯುತ್ತಾರೆ. ಜ್ಞಾನದ ಸ್ಥಿತಿಗತಿ ಏನಾಗಿದೆ ಎಂದು ಶಿಕ್ಷಣದ ಆಡಳಿತಗಾರರು ಕೇಳಿದ್ದಕ್ಕೆ, ಎಲ್ಲವನ್ನೂ ವಿವರಿಸಿ ಸಮರ್ಥಿಸುತ್ತಿದ್ದ ದೊಡ್ಡ ಕಥನಗಳಲ್ಲಿ ಜನರ ನಂಬಿಕೆ ಹೋಗಿದೆ ಎಂದು ಆತ ಉತ್ತರ ಕೊಟ್ಟ. ಅದಕ್ಕೂ ನಾಲ್ಕು ವರ್ಷ ಮುಂಚೆ, 1975ರಲ್ಲಿ, ಫೂಕೊ ಸೆರೆಮನೆಯ ಚರಿತ್ರೆ ಬರೆಯುತ್ತಾ ಪರೀಕ್ಷೆ ಎಂಬ ಶಾಲೆಯ ಸಾಮಾನ್ಯ ಆಚರಣೆಯನ್ನು ಹೊಸ ಬೆಳಕಿನಲ್ಲಿ ತೋರಿಸಿದ್ದ. ಪರೀಕ್ಷೆ ಮಗುವನ್ನು ಅಳೆಯುವುದಷ್ಟೇ ಅಲ್ಲ, ಕಡತದಲ್ಲಿ ಬರೆದಿಡಬಹುದಾದ ಒಂದು ‘ಪ್ರಕರಣ’ವನ್ನಾಗಿ ಮಾಡುತ್ತದೆ. ಇಷ್ಟು ಸಾಕು. ಇವರಿಬ್ಬರ ತತ್ತ್ವವನ್ನು ಪೂರ್ತಿ ಬಿಡಿಸುವುದು ಈ ಬರಹದ ಕೆಲಸವಲ್ಲ, ನನ್ನ ಶಕ್ತಿಯೂ ಅಲ್ಲ.

ಈ ತತ್ತ್ವ ತರಗತಿಯೊಳಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ವ್ಯಾಲರಿ ವಾಕರ್ಡೈನ್ ಅವರ 1981ರ ಲೇಖನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇಂಗ್ಲೆಂಡಿನ ಒಂದು ಶಿಶುವಿಹಾರದಲ್ಲಿ ನಡೆದದ್ದರ ಮಾತುಮಾತಿನ ದಾಖಲೆ ಅದು. ಸುಮಾರು ಮೂವತ್ತು ವರ್ಷದ ಶಿಕ್ಷಕಿ, ನಾಲ್ಕು ವರ್ಷದ ಇಬ್ಬರು ಹುಡುಗರು. ಆಟದ ವಸ್ತುವಿನ ಜಗಳದಲ್ಲಿ ಶಿಕ್ಷಕಿ ತಡೆದಾಗ ಆ ಹುಡುಗರು ಆಕೆಯ ದೇಹದ ಭಾಗಗಳನ್ನು ಹೆಸರಿಸಿ ಹೊಲಸು ಮಾತಾಡುತ್ತಾರೆ. ಆಕೆ ಮೆಲ್ಲಗೆ ಗದರಿಸಿ ಸುಮ್ಮನಾಗುತ್ತಾಳೆ. ಮಕ್ಕಳ ಸಹಜ ಅಭಿವ್ಯಕ್ತಿಯನ್ನು ಅದುಮಬಾರದು ಎಂದು ತರಬೇತಿಯಲ್ಲಿ ಕಲಿತದ್ದು ಆಕೆಯ ಬಾಯಿ ಕಟ್ಟಿತ್ತು. ಈಗ ಹೇಳಿ, ಈ ಕೋಣೆಯಲ್ಲಿ ಅಧಿಕಾರ ಯಾರದು? ಶಿಕ್ಷಕಿಯದು ಎಂದರೆ ಅರ್ಧ ಸುಳ್ಳು, ಹುಡುಗರದು ಎಂದರೂ ಅರ್ಧ ಸುಳ್ಳು. ಒಂದು ಗಳಿಗೆ ಆಕೆ ಶಿಕ್ಷಕಿ, ಇನ್ನೊಂದು ಗಳಿಗೆ ಬರೀ ಹೆಂಗಸು. ಅವರು ಒಂದು ಗಳಿಗೆ ಮಕ್ಕಳು, ಮರುಗಳಿಗೆ ಗಂಡಸರು. ಗಂಡು ಹೆಣ್ಣು, ಗುರು ಶಿಷ್ಯ ಎಂದು ಮೊದಲೇ ಮನೆ ಕೊರೆದಿಟ್ಟ ವೀಕ್ಷಣಾ ಪಟ್ಟಿಯಲ್ಲಿ ಈ ಘಟನೆಗೆ ಜಾಗವೇ ಇಲ್ಲ. ಮೂವತ್ತು ವರ್ಷ ಶಿಕ್ಷಕಿಯರಿಗೆ ತರಬೇತಿ ಕೊಟ್ಟ ಅನುಭವದಿಂದ ಹೇಳುತ್ತೇನೆ, ನಮ್ಮ ಹೈಸ್ಕೂಲುಗಳ ಕರಿಹಲಗೆಯ ಮೇಲೆ ಬೆಳಗ್ಗೆ ಬರೆದಿರುವುದನ್ನು ಸದ್ದಿಲ್ಲದೆ ಒರೆಸಿ ಪಾಠ ಶುರು ಮಾಡಿದ ಶಿಕ್ಷಕಿಯರು ಎಷ್ಟೋ ಮಂದಿ.

ಹೀಗೆ ಒಬ್ಬಳೇ ಹೆಂಗಸು ಒಡೆದು ಹಲವಾಗುತ್ತಾಳೆ ಎಂದ ಮೇಲೆ ಇಡೀ ಹೆಂಗಸರ ಕುಲದ ಪರವಾಗಿ ಮಾತಾಡುವವರ ಗತಿಯೇನು? ಈ ಪ್ರಶ್ನೆಯನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದವರು ಮುಂಬಯಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಶಿಕ್ಷಣ ವಿಷಯದಲ್ಲಿ ಡಾಕ್ಟರೇಟ್ ಮಾಡಿದ ಚಂದ್ರಾ ತಲ್ಪಡೆ ಮೊಹಾಂತಿ. 1984ರ ಅವರ ಲೇಖನ ಪಶ್ಚಿಮದ ಸ್ತ್ರೀವಾದಿ ಪುಸ್ತಕಗಳಲ್ಲಿ ‘ಮೂರನೆಯ ಜಗತ್ತಿನ ಹೆಂಗಸು’ ಎಂಬ ಒಂದೇ ಅಚ್ಚಿನ ಬೊಂಬೆ ಹೇಗೆ ತಯಾರಾಗುತ್ತದೆ ಎಂದು ತೋರಿಸಿತು. ಅವಳು ಬಡವಿ, ಅನಕ್ಷರಸ್ಥೆ, ಸಂಪ್ರದಾಯದ ಬಲಿಪಶು. ಅವಳೆದುರು ಪುಸ್ತಕ ಬರೆಯುವವಳು ವಿದ್ಯಾವಂತೆ, ಸ್ವತಂತ್ರೆ. ಮೊಹಾಂತಿ ಅವರ ಆಕ್ಷೇಪ ಮುಖ್ಯವಾಗಿ ವಿಧಾನದ ಬಗ್ಗೆ. ಎಷ್ಟು ಹೆಂಗಸರು ಮುಸುಕು ಹಾಕುತ್ತಾರೋ ಅಷ್ಟು ದಬ್ಬಾಳಿಕೆ ಎಂದು ಕೂಡಿಸಿ ಕಳೆಯುವ ಲೆಕ್ಕ ಅವರಿಗೆ ಒಪ್ಪಿಗೆಯಿಲ್ಲ. ಒಂದು ಊರಿನಲ್ಲಿ ಕಾನೂನಿನ ಬಲವಂತಕ್ಕೆ ಹಾಕಿದ ಮುಸುಕೂ ಇನ್ನೊಂದು ಊರಿನಲ್ಲಿ ಪ್ರತಿಭಟನೆಗಾಗಿ ಹಾಕಿದ ಮುಸುಕೂ ಕೋಷ್ಟಕದಲ್ಲಿ ಒಂದೇ ಅಂಕಿ. ನಾಲ್ಕು ವರ್ಷದ ನಂತರ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಕೆಳವರ್ಗದವರು ಮಾತಾಡಬಲ್ಲರೇ ಎಂದು ಕೇಳಿದ್ದು ಇನ್ನೂ ಹೆಚ್ಚು ಪ್ರಸಿದ್ಧ. ಆದರೆ ನನಗೆ ಮೊಹಾಂತಿಯವರ ಲೇಖನವೇ ಹೆಚ್ಚು ಉಪಯೋಗಕ್ಕೆ ಬಂದಿದೆ. ನಗರದಿಂದ ಬಂದ ನಮ್ಮ ವಿದ್ಯಾರ್ಥಿನಿಯರು ಲಂಬಾಣಿ ತಾಂಡಾದ ಹೆಂಗಸರ ಬಗ್ಗೆ ಬರೆದ ಪುಟಗಳಲ್ಲಿ ಅದೇ ಬೊಂಬೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಂದು ಪೆಟ್ಟು ಬಿದ್ದದ್ದು ನಾವೆಲ್ಲ ಬಹಳ ಮೆಚ್ಚಿಕೊಂಡಿದ್ದ ಪಾವ್ಲೊ ಫ್ರೇರೆಯ ಸಂವಾದದ ಶಿಕ್ಷಣಕ್ಕೆ. 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎಲಿಜಬೆತ್ ಎಲ್ಸ್‌ವರ್ತ್ ವರ್ಣಭೇದದ ವಿರುದ್ಧ ಒಂದು ಪಾಠಕ್ರಮ ನಡೆಸಿದರು. ಎಲ್ಲರೂ ಸಮಾನರಾಗಿ ಕೂತು, ವಿಚಾರಬದ್ಧವಾಗಿ ಮಾತಾಡಿ, ಸತ್ಯಕ್ಕೆ ಬರುವುದು ಉದ್ದೇಶ. ಕರಿಯರು, ವಿದೇಶಿಯರು, ಹೆಂಗಸರು, ಬಿಳಿಯರು ಕೂತ ಆ ಕೋಣೆಯಲ್ಲಿ ಎಲ್ಲರೂ ಒಂದೇ ಧೈರ್ಯದಿಂದ ಬಾಯಿ ಬಿಡುವ ಸ್ಥಿತಿಯೇ ಇರಲಿಲ್ಲ. ಕೊನೆಗೆ ಅವರವರ ಗುಂಪುಗಳಲ್ಲಿ ಬೇರೆಬೇರೆಯಾಗಿ ಕೂತು ಮಾತಾಡಿಕೊಂಡ ಮೇಲೆಯೇ ಒಟ್ಟಾಗಿ ಏನನ್ನಾದರೂ ಮಾಡಲು ಸಾಧ್ಯವಾಯಿತು. ಮಾರನೆಯ ವರ್ಷ ಎಲ್ಸ್‌ವರ್ತ್ ಇದನ್ನು ಬರೆದಾಗ ಪ್ರಗತಿಪರ ಶಿಕ್ಷಣತಜ್ಞರೇ ಅವರ ಮೇಲೆ ಸಿಟ್ಟಾದರು. ಊರ ಶಾಲೆಯ ಪಾಲಕರ ಸಭೆಯಲ್ಲಿ ದಲಿತ ಕೇರಿಯ ತಾಯಿ ಯಾಕೆ ಬಾಗಿಲ ಬಳಿ ನಿಂತು ಸುಮ್ಮನಿರುತ್ತಾಳೆ ಎಂದು ಬಲ್ಲ ಯಾರಿಗೂ ಇದರಲ್ಲಿ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಸಂದೇಹಗಳನ್ನು ಮೈಮೇಲೆ ಹೊತ್ತುಕೊಂಡೂ ಸಂಶೋಧನೆ ಮಾಡಲು ಹೊರಟವರು ಪ್ಯಾಟಿ ಲ್ಯಾದರ್. ಅಮೆರಿಕದ ಓಹಾಯೊ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ಪ್ರಾಧ್ಯಾಪಕಿಯಾಗಿದ್ದವರು. 1991ರ ಅವರ ಪುಸ್ತಕ ಸ್ತ್ರೀವಾದವನ್ನೂ ಆಧುನಿಕೋತ್ತರವನ್ನೂ ಶಿಕ್ಷಣ ಸಂಶೋಧನೆಯ ಒಂದೇ ಮೇಜಿನ ಮೇಲೆ ತಂದಿಟ್ಟಿತು. ಮಹಿಳಾ ಅಧ್ಯಯನದ ಪ್ರಾರಂಭಿಕ ತರಗತಿಯಲ್ಲಿ ವಿದ್ಯಾರ್ಥಿನಿಯರು ತಮಗೆ ವಿಮೋಚನೆ ತರಬೇಕಾದ ಪಾಠವನ್ನೇ ಯಾಕೆ ಪ್ರತಿರೋಧಿಸುತ್ತಾರೆ ಎಂದು ಮೂರು ವರ್ಷ ಅಧ್ಯಯನ ಮಾಡಿದ್ದರು. ಆ ಒಂದೇ ದತ್ತಾಂಶವನ್ನು ನಾಲ್ಕು ಬಗೆಯಾಗಿ ಬರೆದರು. ಮೊದಲು ಇದ್ದದ್ದನ್ನು ಇದ್ದಂತೆ ಹೇಳುವ ವಾಸ್ತವವಾದಿ ಕಥೆ. ಆಮೇಲೆ ದಬ್ಬಾಳಿಕೆಯನ್ನು ಬಯಲಿಗೆಳೆಯುವ ಕಥೆ. ಆ ಕಥೆಯನ್ನೇ ಬಿಚ್ಚಿಹಾಕುವ ಇನ್ನೊಂದು. ಕಡೆಗೆ ಬರೆಯುತ್ತಿರುವ ತಾನು ಯಾರು ಎಂದು ನೋಡಿಕೊಳ್ಳುವ ಕಥೆ. ನಿಜ ಹೇಳಬೇಕೆಂದರೆ ಆ ಪುಸ್ತಕದ ಭಾಷೆ ಕಬ್ಬಿಣದ ಕಡಲೆ. ಜನರ ಬಿಡುಗಡೆಯ ಬಗ್ಗೆ ಬರೆಯುವವರು ಜನರಿಗೆ ತಿಳಿಯದಂತೆ ಬರೆಯಬೇಕೇ ಎಂದು ಓದುತ್ತಾ ಹಲವು ಸಲ ಸಿಡುಕಿದ್ದೇನೆ.

ಅವರ ಮುಂದಿನ ಪುಸ್ತಕ ನನ್ನ ಸಿಡುಕನ್ನು ಕಡಿಮೆ ಮಾಡಿತು. ಮನಶ್ಶಾಸ್ತ್ರಜ್ಞೆ ಕ್ರಿಸ್ ಸ್ಮಿದೀಸ್ ಜೊತೆ ಸೇರಿ ಲ್ಯಾದರ್ ಓಹಾಯೊದ ನಾಲ್ಕು ನಗರಗಳಲ್ಲಿ ಏಡ್ಸ್ ಸೋಂಕಿತ 25 ಮಂದಿ ಹೆಂಗಸರ ಗುಂಪುಗಳಲ್ಲಿ ಕೂತು ಅವರ ಮಾತುಗಳನ್ನು ಸಂಗ್ರಹಿಸಿದರು. ಆ ಹೆಂಗಸರಿಗೆ ಕಾಲ ಕಡಿಮೆಯಿತ್ತು. ಪ್ರಕಾಶಕರಿಗಾಗಿ ಕಾಯದೆ 1995ರಲ್ಲಿ ತಾವೇ ಒಂದು ಕರಡು ಆವೃತ್ತಿ ಅಚ್ಚು ಹಾಕಿಸಿ ಮೊದಲು ಅವರ ಕೈಗೆ ಕೊಟ್ಟು, ಅವರ ಟೀಕೆಗಳನ್ನೂ ಸೇರಿಸಿ 1997ರಲ್ಲಿ ಪುಸ್ತಕ ತಂದರು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು. ಪುಸ್ತಕದ ಪುಟವೇ ವಿಲಕ್ಷಣ. ಮೇಲುಭಾಗದಲ್ಲಿ ಆ ಹೆಂಗಸರ ಮಾತುಗಳು. ಕೆಳಗೆ, ಚಿಕ್ಕ ಅಕ್ಷರಗಳಲ್ಲಿ, ಸಂಶೋಧಕಿಯರ ಟಿಪ್ಪಣಿ, ಅನುಮಾನ, ತಮ್ಮ ಅಳು. ನಡುನಡುವೆ ಚೌಕಟ್ಟಿನಲ್ಲಿ ರೋಗದ ಅಂಕಿಅಂಶಗಳು. ಓದುವವರು ಒಂದರಿಂದ ಇನ್ನೊಂದಕ್ಕೆ ಕಣ್ಣು ಹೊರಳಿಸುತ್ತಲೇ ಇರಬೇಕು, ಯಾವುದರಲ್ಲೂ ಹಾಯಾಗಿ ಕೂರುವಂತಿಲ್ಲ. ಆ ಹೆಂಗಸರಲ್ಲಿ ಕೆಲವರಿಗೆ ಬೇಕಾಗಿದ್ದದ್ದು ಸಾಮಾನ್ಯ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ತಮ್ಮ ಮನೆಯವರು ಓದಬಹುದಾದ ಸರಳ ಪುಸ್ತಕ. ಸಿಕ್ಕಿದ್ದು ಇದು. ಈ ಜಗ್ಗಾಟವನ್ನು ಲ್ಯಾದರ್ ಮುಚ್ಚಿಡಲಿಲ್ಲ. ನನ್ನ ಪಾಲಿಗೆ ಆ ಹೆಂಗಸರೇ ಸರಿ ಎನಿಸುತ್ತದೆ. ಆದರೂ ಹೇಳಿದವರ ಮಾತು ಮೇಲೆ, ಬರೆದವರ ಮಾತು ಕೆಳಗೆ ಎಂಬ ಆ ಪುಟವಿನ್ಯಾಸ, ಯಾವ ವಿಧಾನದ ಪಠ್ಯಪುಸ್ತಕವೂ ಕಲಿಸದ ಪಾಠವನ್ನು ಕಲಿಸುತ್ತದೆ.

ನಮ್ಮಲ್ಲಿ ಇದಕ್ಕೆ ಹತ್ತಿರದ ಕೆಲಸ ನಡೆದದ್ದು ವಿಶ್ವವಿದ್ಯಾಲಯಗಳಲ್ಲಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಮಹಿಳಾ ಸಮಖ್ಯಾ ಆರಂಭವಾಯಿತು. ಇಲ್ಲಿ ಮೊದಲು ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳು. ಮೊದಲ ನಿರ್ದೇಶಕಿ ಶ್ರೀಲತಾ ಬಾಟ್ಲಿವಾಲಾ. ಸರ್ಕಾರದ ಕಾರ್ಯಕ್ರಮವಾದರೂ ಇಷ್ಟು ಜನಕ್ಕೆ ಅಕ್ಷರ ಕಲಿಸಬೇಕೆಂಬ ಗುರಿಯನ್ನು ಅದು ಮೊದಲೇ ಹೊರಿಸಲಿಲ್ಲ. ಸಹಯೋಗಿನಿಯರು ಹಳ್ಳಿಗಳಿಗೆ ಹೋಗಿ ಸಂಘದ ಹೆಂಗಸರ ಜೊತೆ ಕೂತು, ನಿಮಗೆ ತಿಳಿಯಬೇಕಾದದ್ದು ಏನು ಎಂದು ಅವರನ್ನೇ ಕೇಳಬೇಕಾಗಿತ್ತು. ಪ್ರಶ್ನೆಗಳು ಹಳ್ಳಿಯಿಂದ ಮೇಲಕ್ಕೆ ಬರಬೇಕೆಂಬುದೇ ಅದರ ತತ್ತ್ವ. ಶಿಕ್ಷಣ ಸಂಶೋಧನೆಯ ನಮ್ಮ ಪ್ರಬಂಧಗಳು ಮಾತ್ರ ಅದೇ ಕಾಲದಲ್ಲಿ ಅದೇ ಜಿಲ್ಲೆಗಳಿಂದ ಐದು ಮನೆಗಳ ಪ್ರಶ್ನಾವಳಿಯನ್ನೇ ತುಂಬಿಸಿಕೊಂಡು ಬರುತ್ತಿದ್ದವು. ಆಮೇಲಾಮೇಲೆ ಇನ್ನೊಂದು ಬಗೆಯ ಪ್ರಬಂಧಗಳು ಬಂದವು. ಮೊದಲ ಅಧ್ಯಾಯದ ತುಂಬ ಫೂಕೊ, ಎರಡನೆಯದರಲ್ಲಿ ಸಂಕಥನ, ಯಜಮಾನಿಕೆ, ಅನ್ಯ. ಮೂರನೆಯದರಲ್ಲಿ ಮತ್ತೆ ಅದೇ ಪ್ರಶ್ನಾವಳಿ. ತೊಟ್ಟ ಅಂಗಿ ಬದಲಾಗಿತ್ತು, ಮೈ ಅದೇ.

2002ರ ಹೊತ್ತಿಗೆ ಗಾಳಿ ತಿರುಗಿತು. ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಳಿ ಆ ವರ್ಷ ಶಿಕ್ಷಣದಲ್ಲಿ ವೈಜ್ಞಾನಿಕ ಸಂಶೋಧನೆ ಎಂದರೇನು ಎಂದು ಒಂದು ವರದಿ ತಂದಿತು. ಅದೇ ವರ್ಷ ಅಲ್ಲಿನ ಸರ್ಕಾರ ಶಿಕ್ಷಣ ವಿಜ್ಞಾನಗಳ ಸಂಸ್ಥೆಯನ್ನು ಸ್ಥಾಪಿಸಿತು. ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಪಾಠ, ಇನ್ನೊಂದಕ್ಕೆ ಹಳೆಯದು ಕೊಟ್ಟು ಹೋಲಿಸುವ ಪ್ರಯೋಗಕ್ಕೆ ಅಗ್ರಪೂಜೆ ಸಿಕ್ಕಿತು. ಲ್ಯಾದರ್ 2004ರಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ಹೋದನೆಂದುಕೊಂಡಿದ್ದ ಹಳೆಯ ಯಜಮಾನ ಮರಳಿ ಬಂದಿದ್ದಾನೆ ಎಂಬುದು ಅವರ ವಾದದ ತಿರುಳು.

ಆದರೆ ಆ ಯಜಮಾನನ ಪ್ರಯೋಗವನ್ನು ಎತ್ತಿಹಿಡಿದವರಲ್ಲಿ ಒಬ್ಬರು ಬೇರೆ ಯಾರೂ ಅಲ್ಲ, 878 ಪ್ರಶ್ನೆಗಳ ಆ್ಯನ್ ಓಕ್ಲೆ! ಬಸುರಿಯರ ಮಾತನ್ನು ಕೇಳಿಸಿಕೊಳ್ಳುವುದರಿಂದ ಅವರಿಗೆ ಒಳ್ಳೆಯದಾಗುತ್ತದೆ ಎಂದು ನಂಬಿದ್ದ ಅವರು, ಆಗುತ್ತದೆಯೋ ಇಲ್ಲವೋ ನೋಡಿಯೇಬಿಡೋಣ ಎಂದು 1980ರ ದಶಕದಲ್ಲಿ 509 ಮಂದಿ ಗರ್ಭಿಣಿಯರೊಡನೆ ಅಂಥದೇ ಪ್ರಯೋಗ ಮಾಡಿದರು. ಹಿಂದೆ ಕಡಿಮೆ ತೂಕದ ಮಗು ಹೆತ್ತವರು ಇವರು. ಅರ್ಧ ಜನರ ಮನೆಗೆ ದಾದಿಯರು ಹೋಗಿ ಕೂತು ಕಷ್ಟಸುಖ ಕೇಳಿದರು, ಉಳಿದವರಿಗೆ ಎಂದಿನ ಆರೈಕೆ. ಯಾರಿಗೆ ಹೆಚ್ಚು ಬೇಕು ಎಂದು ಕಣ್ಣಿಗೆ ಕಾಣುವಾಗ ಚೀಟಿಯ ಮೇಲೆ ಬಿಡುವುದು ದಾದಿಯರಿಗೆ ಸಂಕಟವಾಯಿತು. ಅದನ್ನೂ ಓಕ್ಲೆ ಬರೆದಿದ್ದಾರೆ. ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ತಾಯಂದಿರ ಆರೋಗ್ಯ ಮತ್ತು ನೆಮ್ಮದಿಯಲ್ಲಿ ಬಂತು. ಹೆಂಗಸರ ಮೇಲೆ ಪರೀಕ್ಷೆಯಿಲ್ಲದೆ ಹೇರಿದ ಚಿಕಿತ್ಸೆಗಳು ಎಷ್ಟು ಹಾನಿ ಮಾಡಿವೆ ಎಂಬುದನ್ನು ಕಂಡವರು ಪ್ರಯೋಗವನ್ನು ಗಂಡಸರ ವಿದ್ಯೆಯೆಂದು ಎಸೆಯಬಾರದು ಎಂದು 2000ದ ಪುಸ್ತಕದಲ್ಲಿ ಅವರು ವಾದಿಸಿದಾಗ ಹಳೆಯ ಗೆಳತಿಯರು ಇದನ್ನು ದ್ರೋಹವೆಂದರು. ನನಗೆ ಹಾಗನಿಸಿಲ್ಲ. 1981ರಲ್ಲೂ ಅವರು ಆ ಪ್ರಶ್ನೆಗಳನ್ನು ಕೇಳಿಸಿಕೊಂಡದ್ದಷ್ಟೇ ಅಲ್ಲ, ಎಣಿಸಿದ್ದರು. ಸ್ಯಾಂಡ್ರಾ ಹಾರ್ಡಿಂಗ್ ಎಂಬ ತತ್ತ್ವಜ್ಞೆ ಕೇಳುತ್ತಿದ್ದುದೂ ಇದನ್ನೇ. ವಸ್ತುನಿಷ್ಠತೆ ಬೇಡ ಎಂದಲ್ಲ, ಇರುವುದು ಸಾಲದು, ಪರೀಕ್ಷೆಗೆ ಒಳಪಡುವವರ ಸಾಲಿನಲ್ಲಿ ಸಂಶೋಧಕರನ್ನೂ ನಿಲ್ಲಿಸಿ.

ನಿವೃತ್ತಿಯವರೆಗೂ ನನ್ನ ಕೈಕೆಳಗೆ ಪ್ರಬಂಧ ಬರೆದವರ ಪ್ರಶ್ನಾವಳಿಗಳಲ್ಲಿ ಕೊನೆಗೆ ಒಂದು ಖಾಲಿ ಮನೆ ಇರುತ್ತಿತ್ತು: ಅವರು ನಿಮ್ಮನ್ನು ಕೇಳಿದ ಪ್ರಶ್ನೆಗಳು. ವಿದ್ಯಾರ್ಥಿಗಳು ಮೊದಮೊದಲು ನಗುತ್ತಿದ್ದರು, ಆಮೇಲೆ ತುಂಬಿಸಿಕೊಂಡು ಬರುತ್ತಿದ್ದರು. ಅವುಗಳನ್ನು ಎಣಿಸಿ ಕೋಷ್ಟಕ ಮಾಡಬೇಕು, ಉತ್ತರ ತಿಳಿದಿದ್ದರೆ ಅಲ್ಲೇ ಹೇಳಿ ಬರಬೇಕು, ಏನು ಹೇಳಿದೆವೆಂದು ಪ್ರಬಂಧದಲ್ಲಿ ‘ನಾನು’ ಎಂದೇ ಬರೆಯಬೇಕು. ಸಂಜೆ ಐದರ ಬಸ್ಸು ಹುಡುಗಿಯರಿಗಾಗಿ ನಿಲ್ಲುವುದಿಲ್ಲ ಏಕೆ, ವಿದ್ಯಾರ್ಥಿವೇತನದ ದುಡ್ಡು ಯಾರ ಹೆಸರಿಗೆ ಬರುತ್ತದೆ, ಹತ್ತನೆಯ ತರಗತಿ ನಪಾಸಾದವಳು ಮತ್ತೆ ಕೂರಬಹುದೇ, ಹಾಸ್ಟೆಲಿನ ಬಚ್ಚಲುಮನೆಯ ಬಾಗಿಲಿಗೆ ಒಳಗಡೆ ಚಿಲಕ ಇದೆಯೇ, ನಿಮ್ಮ ಮದುವೆಗೆ ನಿಮ್ಮನ್ನು ಕೇಳಿದರೇ.